ಪಾಯಸದ ಹೊತ್ತಿನ ಹೆವಿ ಮೆಟಲ್

ನಮ್ಮ ಬ್ಯಾಂಡಿನಲ್ಲಿ ಹಾಡುವವನಿಗೆ ಹಾಡಲು ಬರುವುದಿಲ್ಲ ಎಂಬುದರಿಂದ ಎಷ್ಟೋ ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಹೆವಿ ಮೆಟಲ್‌ನಲ್ಲಿ ಅದೊಂದು ಕೊರತೆಯೇ ಅಲ್ಲ. ಅಲ್ಲಿ ರಾಗ ಎಳೆಯುವ ಬದಲು ಹೊಟ್ಟೆಯ ತಳದಿಂದ ಗುಟುರು ಹಾಕಬೇಕು. ನಮ್ಮವನ ಗುಟುರಿಗೆ ಕೊಪ್ಪದ ಕಾರ್ಯಕ್ರಮವೊಂದರಲ್ಲಿ ಮೊದಲ ಸಾಲಿನಲ್ಲಿದ್ದ ಮುಖ್ಯ ಅತಿಥಿಗಳು ಮೆಲ್ಲಗೆ ಎದ್ದು ಹಿಂದಿನ ಸಾಲಿಗೆ ಹೋಗಿ ಕೂತರು. ಹಿಂದಿನ ಸಾಲಿನ ಹುಡುಗರು ಮುಂದಕ್ಕೆ ಬಂದರು. ನಮಗೆ ಬೇಕಾದದ್ದೂ ಅದೇ ಆಗಿತ್ತು.

ಉಳಿದ ಹೊತ್ತಿನಲ್ಲಿ ಅವನು ಅಡುಗೆಯವನು. ನರಸಿಂಹರಾಜಪುರದಲ್ಲಿ ಅವನದೊಂದು ತಂಡವಿದೆ. ಮದುವೆ, ಉಪನಯನ, ಗೃಹಪ್ರವೇಶ ಎಂದರೆ ಕೊಪ್ಪರಿಗೆ, ಸೌಟು, ಜಾಲರಿಗಳನ್ನು ಪಿಕಪ್ ಗಾಡಿಗೆ ತುಂಬಿಕೊಂಡು ಹೊರಡುತ್ತಾನೆ. ಅಡುಗೆಯವನಾದ್ದರಿಂದ ಊರೆಲ್ಲ ಅವನನ್ನು ‘ಭಟ್ರೇ’ ಎಂದು ಕರೆಯುತ್ತದೆ. ಒಂದೇ ಕಾಲೇಜಿನಲ್ಲಿ ಓದಿದ ನಾವು ಬಹುವಚನವನ್ನು ಕಿತ್ತುಹಾಕಿ ಬರೀ ‘ಭಟ್ಟ’ ಮಾಡಿಕೊಂಡಿದ್ದೇವೆ. ಅವನ ಸಾರಿನ ಬಗ್ಗೆ ಮೂರು ತಾಲ್ಲೂಕಿನಲ್ಲಿ ಎರಡು ಮಾತಿಲ್ಲ. ಅವನ ಗುಟುರಿನ ಬಗ್ಗೆ ಮಾತ್ರ ಅವನ ತಂಡದವರೇ ‘ಭಟ್ರಿಗೆ ಅದೊಂದು ಚಟ’ ಎಂದು ಹೇಳಿ ಸುಮ್ಮನಾಗುತ್ತಾರೆ.

ಬ್ಯಾಂಡಿನಲ್ಲಿ ನಾವು ನಾಲ್ವರು. ಗಿಟಾರ್ ನುಡಿಸುವವನಿಗೆ ಶೃಂಗೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹಾಡು ಬರೆಯುವುದು, ರಾಗ ಹಾಕುವುದು, ರೆಕಾರ್ಡ್ ಮಾಡುವುದು ಎಲ್ಲ ಅವನೇ. ಡ್ರಮ್ಸ್ ಬಾರಿಸುವವನು ಬಾಳೆಹೊನ್ನೂರಿನವನು, ಖಾಸಗಿ ಬಸ್ಸಿನ ಡ್ರೈವರ್. ನಾನು ಬಾಳಗಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವಳು, ಬೇಸ್ ಗಿಟಾರ್ ನುಡಿಸುತ್ತೇನೆ. ಕಾಲೇಜಿನಲ್ಲಿ ಯಾರೂ ಬೇಸ್ ಮುಟ್ಟಲು ಒಪ್ಪದೆ ಇದ್ದಾಗ, ಅಷ್ಟು ದಪ್ಪ ತಂತಿ ಹೆಣ್ಣುಮಕ್ಕಳ ಬೆರಳಿಗೆ ಆಗುವುದಲ್ಲ ಎಂದು ಯಾರೋ ಅಂದರು. ಆ ಮಾತು ಕೇಳಿಯೇ ಹಿಡಿದೆ, ಇನ್ನೂ ಬಿಟ್ಟಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಮನೆಯವರು ಹೇಳುತ್ತಾರೆ. ಆ ಸಿಟ್ಟು ಇಲ್ಲದಿದ್ದರೆ ನಾನು ಇವರ ನಡುವೆ ಇರುತ್ತಲೇ ಇರಲಿಲ್ಲ.

ನಮ್ಮ ಮೊದಲ ಆಲ್ಬಮ್ ಬಂದಾಗ ಹೆಮ್ಮೆಯಿಂದ ಮನೆಯಲ್ಲಿ ಹಾಕಿ ಕೇಳಿಸಿದೆ. ಅಮ್ಮ ಕೊನೆಯವರೆಗೂ ತಾಳ್ಮೆಯಿಂದ ಕೂತಿದ್ದು, “ಇದ್ರಲ್ಲಿ ನಿಂದು ಯಾವ್ದು ಮಾರಾಯ್ತಿ?” ಎಂದು ಕೇಳಿದಳು. ಎರಡೂ ಕಾಲಲ್ಲಿ ಒದ್ದು ಬಾರಿಸುವ ಡ್ರಮ್ಮು, ಗರಗಸ ಹಾಕಿದ ಹಾಗಿನ ಗಿಟಾರು, ಮೇಲೆ ಭಟ್ಟ; ಅದರಡಿ ನಾನು ನುಡಿಸಿದ್ದು ನನಗೇ ಕೇಳಿಸಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಗಿಟಾರಿನವನು ಹೊಸ ಹಾಡುಗಳನ್ನು ತಂದ. ನಾವು ಅಭ್ಯಾಸ ಮಾಡುವುದು ನರಸಿಂಹರಾಜಪುರದ ಒಂದು ಕಲ್ಯಾಣ ಮಂಟಪದ ಉಗ್ರಾಣದಲ್ಲಿ. ಭಟ್ಟ ಅಲ್ಲಿ ಕಾಯಂ ಅಡುಗೆಯವನಾದ್ದರಿಂದ ಸಿಕ್ಕಿದ ಜಾಗ. ಮಡಚಿಟ್ಟ ಮೇಜುಗಳ ನಡುವೆ ಕೂತು, ಗಿಟಾರಿನವನು ಆಂಪ್ಲಿಫೈಯರ್ ಇಲ್ಲದ ಸಾದಾ ಮರದ ಗಿಟಾರ್ ಎತ್ತಿಕೊಂಡಾಗಲೇ ಡ್ರೈವರ್ ನನ್ನ ಮುಖ ನೋಡಿದ. ನುಡಿಸಿದ್ದು ಹಿನ್ನೀರಿನ ಮೇಲಿನ ಹಾಡು. ಭದ್ರೆಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಮೇಲೆದ್ದು ಕಾಣುತ್ತದಲ್ಲ, ಎಲ್ಲಿಗೂ ಹೋಗದ ಹಳೆಯ ರಸ್ತೆ, ಅದರ ಬಗ್ಗೆ. ರಾಗ ಮೆಲ್ಲಗೆ ಮೂರು ಮೆಟ್ಟಿಲು ಹತ್ತುತ್ತಿತ್ತು, ನಾಲ್ಕನೆಯದಕ್ಕೆ ಕಾಲಿಡುತ್ತದೆ ಎನ್ನುವಾಗ ಅಲ್ಲೇ ನಿಂತು ಹಿಂದಿರುಗಿ ನೋಡುತ್ತಿತ್ತು.

“ಇದು ಮೆಟಲ್ ಹೌದಾ ಮಾರಾಯ?” ಎಂದು ಡ್ರೈವರ್ ಕೇಳಿದ.

“ಮೆಟಲ್ಲೇ. ಭಾರ ಇದ್ಯಲ್ಲ” ಎಂದ ಗಿಟಾರಿನವನು. “ಗಲಾಟೆ ಕಮ್ಮಿ ಮಾಡಿದ್ದೀನಿ, ಭಾರ ಕಮ್ಮಿ ಮಾಡ್ಲಿಲ್ಲ.”

ಅವನ ಈ ಮಾತನ್ನು ನಾನು ಆವತ್ತು ಜಂಬ ಎಂದುಕೊಂಡೆ. ಈಗ ಅದಕ್ಕಿಂತ ಚೆನ್ನಾಗಿ ಆ ಆಲ್ಬಮ್ ಬಗ್ಗೆ ಯಾರೂ ಹೇಳಿಲ್ಲ ಎನ್ನಿಸುತ್ತದೆ. ಏಳು ಹಾಡುಗಳಲ್ಲಿ ಒಂದೊಂದರಲ್ಲೂ ಅವನು ಏನೋ ಒಂದನ್ನು ತೆಗೆದುಹಾಕಿದ್ದ. ಒಂದರಲ್ಲಿ ಡ್ರಮ್ಮು ಅರ್ಧ ಹಾಡು ಮುಗಿಯುವವರೆಗೂ ಬರುವುದೇ ಇಲ್ಲ. ಬಂದಾಗ ಮಲಗಿದ್ದ ಆನೆ ಎದ್ದ ಹಾಗೆ. ಇನ್ನೊಂದರಲ್ಲಿ ಗಿಟಾರ್ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಸುತ್ತಲಿನದೆಲ್ಲ ಬದಲಾಗುತ್ತದೆ. ಹಿನ್ನೀರಿನ ಹಾಡಿನ ಮೊದಲ ಭಾಗದಲ್ಲಿ ಮಾತ್ರ ಏನೂ ಇಲ್ಲ: ಒಂದು ಮನುಷ್ಯದನಿ, ಅದರ ಕೆಳಗೆ ನನ್ನ ಬೇಸ್. ಅಷ್ಟೂ ವರ್ಷ ನಾನು ನುಡಿಸಿದ್ದು ಈಗ ಕೇಳಿಸುವುದಿತ್ತು. ನನಗೆ ಹೆದರಿಕೆಯಾಯಿತು, ಖುಷಿಯೂ ಆಯಿತು. ಒಂದು ತಿಂಗಳು ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲೆಲ್ಲ ಅದನ್ನೇ ನುಡಿಸಿಕೊಂಡೆ. ನಮ್ಮ ಜೊತೆ ಕೂತು ಚಹಾ ಕುಡಿಯುವ ಇವನೊಳಗೆ ಇಷ್ಟು ದೊಡ್ಡದೊಂದು ಕೂತಿತ್ತಲ್ಲ ಎಂದು ಅಚ್ಚರಿಯಾಗುತ್ತಿತ್ತು.

ಎಡವಟ್ಟಾದದ್ದು ಆ ಮನುಷ್ಯದನಿಯಲ್ಲಿ. ಗುಟುರು ಇಲ್ಲಿ ಹೊಂದುತ್ತಿರಲಿಲ್ಲ, ಹಾಡಲೇಬೇಕಿತ್ತು. ಭಟ್ಟ ಮೈಕಿನ ಮುಂದೆ ನಿಂತ, ಎರಡು ಸಲ ಕೆಮ್ಮಿದ, ಹಾಡಿದ. ಹಾಜರಿ ಕರೆಯುವ ಮೇಷ್ಟರ ದನಿ ಬಂತು. ಮತ್ತೆ ಹಾಡಿದ. ಇನ್ನೂ ಸಣ್ಣಗಾಯಿತು. ಕಲ್ಲು ಒಡೆಯುವ ಹಾಗೆ ಗುಟುರು ಹಾಕುವ ಆಳು ಹುಣಿಸೆಹಣ್ಣಿನ ನೀರು ಕುಡಿದವನ ಹಾಗೆ ಮುಖ ಮಾಡಿಕೊಂಡು ನಿಂತದ್ದನ್ನು ನೋಡಲು ನನ್ನಿಂದಾಗಲಿಲ್ಲ.

“ಹಾಡದು ನಂಗೆ ಬರಲ್ಲ ಮಾರಾಯ” ಎಂದ ಅವನು. “ನಮ್ಮನೇಲಿ ಹಾಡದು ಅಂದ್ರೆ ಹೆಂಗಸ್ರು. ಆರತಿಗೆ ಅಮ್ಮ ಹೇಳ್ತಿದ್ರು, ಹಸೆಗೆ ಅಕ್ಕ ಹೇಳ್ತಿದ್ಲು. ಗಂಡಸ್ರು ಹಾಡಿದ್ದು ನಾನು ನೋಡೇ ಇಲ್ಲ. ಬಾಯಿ ತೆಗೆದ್ರೆ ನಾಚಿಕೆ ಆಗತ್ತೆ.”

ವಾರಗಟ್ಟಲೆ ಪ್ರಯತ್ನ ನಡೆಯಿತು. ಬೆನ್ನು ತಿರುಗಿಸಿ ನಿಲ್ಲಿಸಿದೆವು, ಒಬ್ಬನನ್ನೇ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿದೆವು, ಜೇನುತುಪ್ಪ ಕುಡಿಸಿದೆವು. ನಾಚಿಕೆಗೆ ಜೇನುತುಪ್ಪ ಮದ್ದಲ್ಲವಲ್ಲ. ಗಿಟಾರಿನವನು ಜಗಳಗಂಟನಲ್ಲ. ಆದರೆ ರಿಪೇರಿಯಾಗದ ಭಾಗವನ್ನು ಬದಲಿಸಿಯೇ ಬದಲಿಸುವವನು. ಒಂದು ದಿನ ನಮ್ಮ ಮೂವರನ್ನೂ ಕೂರಿಸಿಕೊಂಡು, ಶಿವಮೊಗ್ಗದಲ್ಲಿ ಒಬ್ಬ ಗಾಯಕರಿದ್ದಾರೆ, ಕಲಿತವರು, ಕೇಳಿದ್ದೇನೆ, ಒಪ್ಪಿದ್ದಾರೆ ಎಂದ. ಆಷಾಢ ಬಂದರೆ ಮದುವೆಗಳಿಲ್ಲ, ಮಂಟಪ ಖಾಲಿ ಇರುತ್ತದೆ, ಆಗ ಬಂದು ಏಳೂ ಹಾಡು ಹಾಡಿಕೊಡುತ್ತಾರೆ.

“ಹಂಗಾರೆ ನಾನು?” ಎಂದು ಭಟ್ಟ ಕೇಳಿದ.

“ಐದನೇ ಹಾಡಿನ ಕೊನೇಲಿ ಒಂದು ಗುಟುರು ಇದೆ” ಎಂದ ಗಿಟಾರಿನವನು, ನೆಲ ನೋಡುತ್ತ.

ಮುಂದಿನ ಆಲ್ಬಮ್ಮೂ ಹೀಗೇ ಇರುತ್ತದೆಂದು ಅವನು ಮೊದಲೇ ಹೇಳಿದ್ದ. ಒಂದು ಗುಟುರಿಗಾಗಿ ಯಾವ ಬ್ಯಾಂಡೂ ಒಬ್ಬನನ್ನು ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ, ಅದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಭಟ್ಟ ಜಗಳವಾಡಲಿಲ್ಲ. ಪಿಕಪ್ಪಿಗೆ ಸಾಮಾನು ತುಂಬುತ್ತ ನನ್ನೊಬ್ಬಳ ಹತ್ತಿರ ಹೇಳಿದ: “ವರ್ಷ ಪೂರ್ತಿ ಬೇರೆಯವ್ರ ಮನೆ ಕಾರ್ಯಕ್ಕೆ ದುಡಿಯೋನು ನಾನು. ನಂದು ಅಂತ ಇರೋ ಕಾರ್ಯ ಇದೊಂದೇ ಇತ್ತು.” ಆಮೇಲೆ ಗಾಡಿ ಹತ್ತಿ ಹೋದ. ನಾನು ವಾಪಸ್ಸು ಒಳಗೆ ಹೋಗಿ ಗಿಟಾರಿನವನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಎಲ್ಲ ಕೇಳಿ, “ಹಾಡು ಹಾಳಾಗ್ಬಾರ್ದು ಅಷ್ಟೆ” ಎಂದ. ಅದೂ ಸುಳ್ಳಲ್ಲವಾದ್ದರಿಂದ ನನ್ನ ಸಿಟ್ಟು ಇನ್ನಷ್ಟು ಏರಿತು.

ಆಷಾಢಕ್ಕೆ ಮೊದಲಿನ ಕೊನೆಯ ಮುಹೂರ್ತಗಳಲ್ಲಿ ಸಿರಿಮನೆ ಕಡೆ ನಮ್ಮ ನೆಂಟರ ಮನೆಯಲ್ಲಿ ಒಂದು ಉಪನಯನವಿತ್ತು. ಅಡುಗೆ ಭಟ್ಟನದೇ. ಇಷ್ಟು ವರ್ಷದ ಗೆಳೆತನದಲ್ಲಿ ಅವನ ಅಡುಗೆ ಉಂಡದ್ದು ನಮ್ಮ ಅಭ್ಯಾಸದ ದಿನಗಳಲ್ಲಿ, ಡಬ್ಬಿಯಲ್ಲಿ ತಂದುಕೊಟ್ಟಾಗ. ಕಾರ್ಯದ ಮನೆಯ ಪಂಕ್ತಿಯಲ್ಲಿ ಕೂತು ಉಂಡದ್ದು ಅದೇ ಮೊದಲು. ಎಲೆಗೆ ಎಲ್ಲ ಬಡಿಸಿಯಾಗಿತ್ತು. ಪಾಯಸ ಬರುವ ಹೊತ್ತಿಗೆ ಎದುರು ಸಾಲಿನಿಂದ ಒಬ್ಬ ಹಿರಿಯರು ಶ್ಲೋಕ ಹೇಳಿದರು.

ನಮ್ಮ ಕಡೆ ಇದು ಪದ್ಧತಿ. ಉಣ್ಣುವಾಗ ಪಂಕ್ತಿಯಲ್ಲಿ ಯಾರಾದರೂ ಒಬ್ಬರು ದನಿಯೆತ್ತಿ ಶ್ಲೋಕ ಹೇಳುತ್ತಾರೆ. ಮುಗಿಯುವಾಗ ‘ನಮಃ ಪಾರ್ವತೀಪತಯೇ’ ಎಂದು ಎಳೆದು ಇಳಿಸುತ್ತಾರೆ. ಆಗ ಕೈ ಬಾಯಲ್ಲಿದ್ದವರೂ ಸೇರಿ ಇಡೀ ಪಂಕ್ತಿ ‘ಹರ ಹರ ಮಹಾದೇವ’ ಎನ್ನಬೇಕು. ಒಬ್ಬರು ಹೇಳಿದ ಮೇಲೆ ಇನ್ನೊಬ್ಬರಿಗೆ ಹುರುಪು ಬರುತ್ತದೆ. ಒಮ್ಮೆ ಹೇಳಿದ್ದನ್ನು ಅದೇ ಪಂಕ್ತಿಯಲ್ಲಿ ಮತ್ತೆ ಹೇಳುವುದಿಲ್ಲ. ಹೇಳಿದರೆ ಸರಕು ಖಾಲಿ ಎಂದು ನಗುತ್ತಾರೆ. ಆ ದಿನ ಹಿರಿಯರದು ಮುಗಿದು, ಇನ್ನೊಬ್ಬರದೂ ಮುಗಿದ ಮೇಲೆ ಯಾರೋ, “ಭಟ್ರೇ, ನಿಮ್ಮದೊಂದು ಆಗ್ಲಿ” ಎಂದರು.

ಭಟ್ಟ ಪಾಯಸದ ಬಕೆಟ್ಟು ಹಿಡಿದು ಪಂಕ್ತಿಯ ನಡುವೆ ಬರುತ್ತಿದ್ದ. ಒಂದು ಎಲೆಗೆ ಬಡಿಸಿದ, ಮುಂದಿನ ಎಲೆಗೆ ಬಾಗುತ್ತಲೇ ಶುರು ಮಾಡಿದ. ನಾನು ಬಾಯಿಗೆ ಹೊರಟ ತುತ್ತನ್ನು ಎಲೆಗೆ ವಾಪಸ್ಸು ಇಟ್ಟೆ. ಅದು ತುಂಬಿದ, ದುಂಡನೆಯ, ಒಂದಿಷ್ಟೂ ಅಂಜಿಕೆಯಿಲ್ಲದ ದನಿ. ಮೈಕಿಲ್ಲದೆ ಚಪ್ಪರದ ಆ ತುದಿಗೂ ಮುಟ್ಟುತ್ತಿತ್ತು, ಹತ್ತಿರದವರ ಕಿವಿಗೆ ಹೊಡೆಯುತ್ತಿರಲಿಲ್ಲ. ಬಾಗುವಾಗ ಉಸಿರು ಬಿಟ್ಟು, ಏಳುವಾಗ ಎಳೆದುಕೊಂಡು, ಸೌಟಿನ ಲಯಕ್ಕೆ ಸರಿಯಾಗಿ ಸಾಲು ಮುರಿಯುತ್ತಿದ್ದ. ಎತ್ತರದ ಸ್ವರಕ್ಕೆ ಹೋದಾಗ ಮುಖದಲ್ಲಿ ಏನೂ ಬದಲಾಗಲಿಲ್ಲ, ಯಾರ ಎಲೆಯಲ್ಲಿ ಪಾಯಸ ಕಮ್ಮಿಯಿದೆ ಎಂದು ನೋಡುತ್ತಿದ್ದ. ಪಂಕ್ತಿ ‘ಹರ ಹರ ಮಹಾದೇವ’ ಎಂದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದಲ್ಲಿದ್ದ ಅತ್ತೆ, ಮೆಣಸಿನಕಾಯಿ ಕಚ್ಚಿದ್ಯಾ ಎಂದು ಕೇಳಿದರು.

ಊಟವಾದ ಮೇಲೆ ಹಿತ್ತಲಿನಲ್ಲಿ ಪಾತ್ರೆ ತೊಳೆಸುತ್ತಿದ್ದವನನ್ನು ಹಿಡಿದೆ.

“ಹಾಡಕ್ಕೆ ಬರಲ್ಲ ಅಂದ್ಯಲ್ಲ, ಈಗ ಮಾಡಿದ್ದೆಂತ?”

“ಅದು ಹಾಡಲ್ಲ ಮಾರಾಯ್ತಿ. ಶ್ಲೋಕ. ಉಣ್ಣೋರಿಗೆ ಹೇಳೋದು” ಎಂದ, ನಾನು ಏನೋ ದಡ್ಡತನದ ಪ್ರಶ್ನೆ ಕೇಳಿದೆ ಎನ್ನುವ ಹಾಗೆ.

ಗಿಟಾರಿನವನಿಗೆ ಫೋನ್ ಮಾಡಿ ಹೇಳಿದೆ. ಅವನು ನಂಬಲಿಲ್ಲ. ಶ್ಲೋಕ ಯಾರು ಬೇಕಾದರೂ ಹೇಳುತ್ತಾರೆ, ಗಾಯಕರಿಗೆ ದಿನ ಕೊಟ್ಟಾಗಿದೆ, ಈಗ ಬೇಡ ಎನ್ನಲು ಮುಖವಿಲ್ಲ ಎಂದ. ನಾನು ಫೋನ್ ಇಟ್ಟೆ. ಹೇಳಿ ತಿಳಿಸಲು ಆಗದ್ದನ್ನು ಕೇಳಿಸಿಯೇ ತಿಳಿಸಬೇಕು ಎಂದು ಆಗಲೇ ನಿಶ್ಚಯಿಸಿದೆ.

ಆಷಾಢ ಬಂತು, ಮಂಟಪ ಖಾಲಿಯಾಯಿತು. ಅದರ ಯಜಮಾನರು ಕರೆಂಟ್ ಬಿಲ್ ಕಟ್ಟಿದರೆ ಸಾಕು ಎಂದು ಬಿಟ್ಟುಕೊಟ್ಟರು. ಮೇಲಿನ ಮದುವೆ ಹಾಲಿಗೆ ತಗಡಿನ ಮಾಡು, ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಮೊದಲ ಆಲ್ಬಮ್ ಅಲ್ಲೇ ಮಾಡಿದ್ದೆವು, ನಮ್ಮ ಗದ್ದಲದಡಿ ಮಳೆಯ ಸದ್ದು ಹೂತುಹೋಗಿತ್ತು. ಈ ಸಲ ಕೆಳಗಿನ ಊಟದ ಹಾಲಿಗೆ ಇಳಿದೆವು. ಅದಕ್ಕೆ ಕಾಂಕ್ರೀಟ್ ಮಾಡು. ಗೋಡೆಗೆಲ್ಲ ಜಮಖಾನ ಇಳಿಬಿಟ್ಟು, ಲ್ಯಾಪ್‌ಟಾಪು, ಮೈಕು ಹೊಂದಿಸಿದ್ದಾಯಿತು. ಗಾಯಕರು ಬೆಳಗಿನ ಬಸ್ಸಿಗೆ ಬಂದರು. ನಾನು ಅವರನ್ನು ದ್ವೇಷಿಸಲು ಸಿದ್ಧಳಾಗಿಯೇ ಹೋಗಿದ್ದೆ. ಆದರೆ ಮನುಷ್ಯ ತುಂಬ ಒಳ್ಳೆಯವರು. ಚಪ್ಪಲಿ ಬಿಟ್ಟು ಒಳಗೆ ಬಂದು, ನಾಲ್ವರಿಗೂ ಕೈಮುಗಿದು, ಹಿನ್ನೀರಿನ ಹಾಡಿನ ಸಾಹಿತ್ಯ ಓದಿ, “ಬರೆದವರು ಯಾರು? ಚಂದ ಇದೆ” ಎಂದರು. ಹಾಡಿದರು. ಒಂದು ಸ್ವರವೂ ಆಚೀಚೆ ಆಗಲಿಲ್ಲ. ಅಷ್ಟು ಸರಿಯಾಗಿ ಹಾಡುವವರ ಜೊತೆ ನಾನು ಹಿಂದೆಂದೂ ನುಡಿಸಿರಲಿಲ್ಲ.

ಭಟ್ಟ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿದ್ದ. ತನ್ನ ಜಾಗಕ್ಕೆ ಬಂದವರಿಗೆ ಅಡುಗೆ ಮಾಡಲು ಯಾರೂ ಅವನಿಗೆ ಹೇಳಿರಲಿಲ್ಲ. ಬೆಳಿಗ್ಗೆ ಬಂದವನೇ ಒಲೆ ಹಚ್ಚಿದ್ದ. ಮನೆಗೆ ಬಂದವರು ಹಸಿದು ಹೋಗಬಾರದು ಎಂಬುದು ಅವನ ಮಟ್ಟಿಗೆ ಸಂಗೀತಕ್ಕಿಂತ ಹಳೆಯ ನಿಯಮ. ಹಾಡು ಬಾಗಿಲಿನಿಂದ ಕೇಳುತ್ತಿತ್ತು, ಅವನು ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

ಊಟದ ಹೊತ್ತಾಯಿತು. ಮೇಜು ಬೇಡ, ನೆಲದ ಮೇಲೆ ಎಲೆ ಹಾಕೋಣ ಎಂದವಳು ನಾನು. ಮೈಕು ನಿಲ್ಲಿಸಿದ್ದ ಜಾಗದಲ್ಲೇ ಸಾಲಾಗಿ ಎಲೆ ಹಾಕಿದೆ. ಡ್ರೈವರ್‌ಗೆ ಮೊದಲೇ ಹೇಳಿಟ್ಟಿದ್ದೆ. ಅವನು ಮೈಕನ್ನು ಎಲೆಗಳ ಮುಂದೆ ಸರಿಸಿದ. ಬೇಸ್ ಎತ್ತಿಕೊಂಡು ನಾನೂ ಎಲೆಯ ಮುಂದೆ ಕೂತೆ.

“ಇದೆಂತ ಅವತಾರ?” ಎಂದ ಗಿಟಾರಿನವನು.

“ಹತ್ತು ನಿಮಿಷ ಕೊಡು. ರೆಕಾರ್ಡ್ ಹಾಕಿ ಕೂತ್ಕೋ. ಆಮೇಲೆ ನಿನ್ನ ತಂಟೆಗೆ ಬರಲ್ಲ.”

ಹಸಿದಿದ್ದನೋ, ನನ್ನ ಬಾಯಿಗೆ ಹೆದರಿದನೋ, ಲ್ಯಾಪ್‌ಟಾಪಿನ ಗುಂಡಿ ಒತ್ತಿ ಅಲ್ಲೇ ಕುರ್ಚಿಯಲ್ಲಿ ಕೂತ. ಗಾಯಕರಿಗೆ ವಿಷಯ ಗೊತ್ತಿರಲಿಲ್ಲ, ಎಲೆಯ ಮುಂದೆ ಶಿಸ್ತಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೋಸಂಬರಿ ಬಂತು, ಪಲ್ಯ ಬಂತು, ಅನ್ನ, ತೊವ್ವೆ, ತುಪ್ಪ ಬಂತು. ಭಟ್ಟ ಪಾಯಸದ ಬಕೆಟ್ಟು ಹಿಡಿದು ಬಂದಾಗ ನಾನು ಹಿನ್ನೀರಿನ ಹಾಡಿನ ಮೊದಲ ಸ್ವರವನ್ನು ಒತ್ತಿಹಿಡಿದು, “ಭಟ್ರೇ, ನಿಮ್ಮದೊಂದು ಆಗ್ಲಿ” ಎಂದೆ.

ಅವನಿಗೆ ಎಲ್ಲ ಅರ್ಥವಾಯಿತು. ನನ್ನನ್ನು ನೋಡಿದ ನೋಟದಲ್ಲಿ ಪ್ರೀತಿಯೇನೂ ಇರಲಿಲ್ಲ. ಮೈಕಿನ ಕಡೆ ನೋಡಿದ, ಗಿಟಾರಿನವನ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ. ಹಳೆಯ ಮೇಷ್ಟರ ದನಿ ಇನ್ನೇನು ಹೊರಟಿತು ಎನ್ನುವಾಗ ಡ್ರೈವರ್ ಎಲೆಯಿಂದ ತಲೆಯೆತ್ತದೆ, “ಪಾಯಸ ಹಾಕ್ತಾ ಹೇಳು ಮಾರಾಯ, ನನ್ನೆಲೆ ಖಾಲಿ ಇದೆ” ಎಂದ.

ಖಾಲಿ ಎಲೆ ಎಂದರೆ ಭಟ್ಟ ಸುಮ್ಮನೆ ನಿಲ್ಲಲಾರ. ಬಾಗಿದ. ಬಡಿಸಿದ. ಮುಂದಿನ ಎಲೆಗೆ ಸರಿಯುತ್ತ ಹಾಡಿನ ಮೊದಲ ಸಾಲು ಅವನ ಬಾಯಿಂದ ಬಂತು, ಆ ಚಪ್ಪರದಡಿ ನಾನು ಕೇಳಿದ ಅದೇ ದನಿಯಲ್ಲಿ. ಕಾಂಕ್ರೀಟ್ ಹಾಲಿನಲ್ಲಿ ಅದಕ್ಕೊಂದು ಆಳ ಸೇರಿತು. ಬೆಳಿಗ್ಗೆ ಗಾಯಕರು ಹಾಡಿದಾಗ ಆ ರಸ್ತೆ ಒಂದು ಒಳ್ಳೆಯ ಚಿತ್ರವಾಗಿತ್ತು. ಈಗ ಅದರ ಮೇಲೆ ಯಾರೋ ನಡೆಯುತ್ತಿದ್ದರು. ನಮಗೇ ಹೇಳುತ್ತಿದ್ದ ಅವನು, ಎಲೆಯ ಮುಂದೆ ಕೂತವರಿಗೆ. ತೋರಿಸಿಕೊಳ್ಳುವುದು ಅದರಲ್ಲಿ ಏನೂ ಇರಲಿಲ್ಲ, ಬಡಿಸುವುದಷ್ಟೇ ಇತ್ತು. ನನ್ನ ಬೆರಳು ಅವನ ಉಸಿರಿಗೆ ತಾನಾಗಿ ಕಾಯುತ್ತಿತ್ತು. ಹೆವಿ ಮೆಟಲ್ ನುಡಿಸಿದ ಇಷ್ಟು ವರ್ಷದಲ್ಲಿ ಅಷ್ಟು ಭಾರವಾದದ್ದನ್ನು ನಾನು ಕೇಳಿಲ್ಲ, ಅದೂ ಅಷ್ಟು ಮೆಲ್ಲಗೆ.

ಕೊನೆಯ ಸಾಲು: ‘ಮುಳುಗಿದ್ದು ಊರು, ಮುಳುಗದ್ದು ದಾರಿಯೇ.’ ಆ ಕೊನೆಯ ಸ್ವರವನ್ನು ಗಿಟಾರಿನವನು ನೆಟ್ಟಗೆ ಹಿಡಿದು ನಿಲ್ಲಿಸಲು ಬರೆದಿದ್ದ. ಭಟ್ಟ ಅದನ್ನು ಎಳೆದು, ಮೇಲಕ್ಕೊಯ್ದು, ಪಂಕ್ತಿಯಲ್ಲಿ ಇಳಿಸುವ ಹಾಗೆಯೇ ನಿಧಾನವಾಗಿ ಇಳಿಸಿಬಿಟ್ಟ. ಇಳಿದು ಮುಗಿಯುವ ಮೊದಲೇ ನಾನು, ಡ್ರೈವರ್, ಶಿವಮೊಗ್ಗದ ಗಾಯಕರು, ಮೂವರೂ ಒಟ್ಟಿಗೆ ಗಂಟಲೆತ್ತಿ ‘ಹರ ಹರ ಮಹಾದೇವ’ ಎಂದೆವು.

ಹುಟ್ಟಿದಾಗಿನಿಂದ ಪಂಕ್ತಿಯಲ್ಲಿ ಕೂತು ಬೆಳೆದವರು. ಯಾರೂ ಯೋಚಿಸಿ ಅಂದದ್ದಲ್ಲ. ಗಾಯಕರ ದನಿಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅಂದ ಮೇಲೆ ನಾನು ಎಡಗೈಯಿಂದ ಬಾಯಿ ಮುಚ್ಚಿಕೊಂಡೆ. ಗಿಟಾರಿನವನು ಹಣೆ ಹಣೆ ಬಡಿದುಕೊಂಡ.

“ಎಂಥ ಜನ ನೀವು? ಹಾಳು ಮಾಡಿದ್ರಲ್ಲ” ಎಂದ. ಅಷ್ಟು ಹೊತ್ತೂ ಅವನು ಕುರ್ಚಿಯ ತುದಿಗೆ ಬಂದು ಕೂತಿದ್ದ ಎಂಬುದನ್ನು ನಾನು ಆಗ ನೋಡಿದೆ. “ಭಟ್ಟ, ಇನ್ನೊಂದ್ಸಲ. ಹಿಂಗೇ. ಇವರು ಬಾಯಿ ಮುಚ್ಕೊಂಡಿರ್ತಾರೆ.”

ಭಟ್ಟ ತಲೆಯಾಡಿಸಿದ. “ಒಂದು ಪಂಕ್ತಿಗೆ ಒಂದೇ ಸಲ.”

“ಇದು ಶ್ಲೋಕ ಅಲ್ಲ ಮಾರಾಯ, ನನ್ನ ಹಾಡು.”

“ಗೊತ್ತು. ಆದ್ರೆ ಮತ್ತೆ ಹೇಳಿದ್ರೆ ಹೇಳಿದಂಗಾಗಲ್ಲ. ಹಾಡಿದಂಗಾಗತ್ತೆ. ಅದು ನಂಗೆ ಬರಲ್ಲ.” ಸೌಟನ್ನು ಬಕೆಟ್ಟಿಗೆ ಹಾಕಿ ನಿಂತುಕೊಂಡ. “ಅವರದ್ದು ಚಂದ ಬಂದಿದೆಯಲ್ಲ. ಅದ್ನೇ ಇಟ್ಕೋ.”

ಹಾಲಿನಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಗಿಟಾರಿನವನು ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಕೇಳಿದ. ನಾವು ಅವನ ಮುಖ ನೋಡುತ್ತ ಕೂತೆವು. ಭಟ್ಟ ಮಾತ್ರ ನೋಡಲಿಲ್ಲ. ಗಾಯಕರ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿ, “ಸರ್, ನಿಧಾನ ಉಣ್ಣಿ” ಎಂದ. ಹಾಡಿನ ಕೊನೆ ಬಂದಿರಬೇಕು, ಗಿಟಾರಿನವನ ಹುಬ್ಬು ಒಮ್ಮೆ ಮೇಲೆ ಹೋಯಿತು. ಹಿಂದಕ್ಕೆ ಎಳೆದು ಆ ಕೊನೆಯನ್ನು ಇನ್ನೊಮ್ಮೆ ಕೇಳಿದ. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮೊದಲು ಮಾತಾಡಿದವರು ಗಾಯಕರು.

“ನಾನು ಬೆಳಿಗ್ಗೆ ಹಾಡಿದ್ದು ಅಳಿಸ್ಬಿಡಿ” ಎಂದರು ಅವರು. “ನಾನು ಹಾಡಿದಾಗ ನೀವೆಲ್ಲ ಚೆನ್ನಾಗಿದೆ ಅಂದ್ರಿ. ಇವರು ಹೇಳಿದಾಗ ನಾನೇ ಕೂಗಿಬಿಟ್ಟೆ. ಇನ್ನೇನು ಬೇಕು ನಿಮಗೆ?”

ಒಬ್ಬ ಗಾಯಕ ಇನ್ನೊಬ್ಬನಿಗೆ ಹೀಗೆ ಜಾಗ ಬಿಟ್ಟುಕೊಟ್ಟದ್ದನ್ನು ನಾನು ಆಮೇಲೂ ಎಲ್ಲೂ ಕಂಡಿಲ್ಲ. ಆಲ್ಬಮ್ಮಿನ ಆ ಹಾಡಿನ ಕೊನೆಯಲ್ಲಿ ‘ಹರ ಹರ ಮಹಾದೇವ’ ಎಂದ ಅವರ ದನಿ ಇವತ್ತಿಗೂ ಇದೆ. ಕೇಳಿದವರು ಎಷ್ಟೋ ಜನ, ಅದನ್ನು ಅಲ್ಲಿ ಇಡಬೇಕು ಎಂದು ಹೇಗೆ ಹೊಳೆಯಿತು ಎಂದು ಗಿಟಾರಿನವನನ್ನು ಕೇಳುತ್ತಾರೆ. ಅವನು ನನ್ನ ಕಡೆ ಕೈ ತೋರಿಸುತ್ತಾನೆ.

ಆವತ್ತು ಅವನು ಕುರ್ಚಿಯಿಂದ ಎದ್ದು ಬಂದು ಭಟ್ಟನ ಕೈಯಿಂದ ಬಕೆಟ್ಟು ತೆಗೆದುಕೊಂಡ. ತನಗೆಂದು ಹಾಕಿದ್ದ ಎಲೆಯನ್ನು ತೋರಿಸಿ, “ಕೂತ್ಕೋ” ಎಂದ. ಬಡಿಸುವವರು ಉಣ್ಣುವುದು ಯಾವತ್ತೂ ಕೊನೆಯ ಪಂಕ್ತಿಯಲ್ಲಿ, ಎಲ್ಲರದೂ ಆದ ಮೇಲೆ, ಉಳಿದದ್ದರಲ್ಲಿ. ಭಟ್ಟ ಮೊದಲ ಪಂಕ್ತಿಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಕ್ಕಿಲ್ಲ. ಅವನು ಒಂದು ಗಳಿಗೆ ನಿಂತ. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡು ನನ್ನ ಮತ್ತು ಗಾಯಕರ ನಡುವೆ ಕೂತ. ಗಿಟಾರಿನವನಿಗೆ ಬಡಿಸಿ ಅಭ್ಯಾಸವಿಲ್ಲ. ಒಂದು ಸೌಟು ಎಲೆಗೆ ಹಾಕಿದ, ಅರ್ಧ ನೆಲಕ್ಕೆ ಹೋಯಿತು. ಎರಡನೆಯದು ಸರಿಯಾಗಿ ಬಿತ್ತು. ಮೂರನೆಯದಕ್ಕೆ ಬಾಗಿದಾಗ ಭಟ್ಟ ಎಲೆಯ ಮೇಲೆ ಕೈ ಅಡ್ಡ ಹಿಡಿದ.

“ಸಾಕು ಮಾರಾಯ” ಎಂದ. “ಇನ್ನೂ ಆರು ಹಾಡಿದೆ. ಹೊಟ್ಟೆ ತುಂಬಿದ್ರೆ ಉಸಿರು ಬರಲ್ಲ.”